ಹತ್ತನೆಯವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ: ಸಣ್ಣ ಉದ್ದಿಮೆದಾರರಿಗೆ ಕಾರ್ಮಿಕ ಕಾನೂನಿನ ಲೆಕ್ಕ

ಒಂಬತ್ತು ಜನ ಕೆಲಸಕ್ಕಿದ್ದಾಗ ಒಂದು ಲೆಕ್ಕ. ಹತ್ತನೆಯವರು ಬಂದ ದಿನದಿಂದ ಇನ್ನೊಂದು ಲೆಕ್ಕ. ಜಾಗ ಅದೇ, ಯಂತ್ರ ಅದೇ, ಗಿರಾಕಿಗಳೂ ಅವರೇ. ಆದರೆ ಸರ್ಕಾರದ ಕಡತದಲ್ಲಿ ನಿಮ್ಮ ಉದ್ದಿಮೆ ಬೇರೆ ಸಾಲಿಗೆ ಹೋಗಿ ಕೂತಿರುತ್ತದೆ. ಇದು ಮಾಲೀಕರಿಗೆ ಗೊತ್ತಾಗುವುದು ಸಾಮಾನ್ಯವಾಗಿ ಎರಡು ವರ್ಷ ಕಳೆದ ಮೇಲೆ, ಒಂದು ನೋಟಿಸ್ ಬಂದಾಗ.

ದೊಡ್ಡ ಕಂಪನಿಯಲ್ಲಿ ಇದನ್ನೆಲ್ಲ ನೋಡಿಕೊಳ್ಳಲು ಒಂದು ವಿಭಾಗವೇ ಇರುತ್ತದೆ. ಸಣ್ಣ ಉದ್ದಿಮೆಯಲ್ಲಿ ಆ ವಿಭಾಗವೂ ನೀವೇ, ಗಲ್ಲಾಪೆಟ್ಟಿಗೆಯೂ ನೀವೇ, ರಾತ್ರಿ ಬಾಗಿಲು ಹಾಕುವವರೂ ನೀವೇ. ಹಾಗಾಗಿ ಎಲ್ಲ ಕಾನೂನನ್ನೂ ಓದಿ ಎಂದು ನಾನು ಹೇಳುವುದಿಲ್ಲ. ಯಾವುದನ್ನು ಯಾವಾಗ ನೋಡಬೇಕು ಅನ್ನುವುದನ್ನು ಹೇಳುತ್ತೇನೆ. ಉದಾಹರಣೆಗಳನ್ನು ಬೇರೆ ಬೇರೆ ದೇಶಗಳಿಂದ ತೆಗೆದುಕೊಂಡಿದ್ದೇನೆ. ನಿಯಮದ ಅಂಕಿ ಬದಲಾಗಬಹುದು, ಅದು ಕೆಲಸ ಮಾಡುವ ರೀತಿ ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ.

ಹೆಜ್ಜೆ 1: ತಲೆ ಎಣಿಸಿ

ಕಾರ್ಮಿಕ ಕಾನೂನು ಮೊದಲು ನೋಡುವುದು ನಿಮ್ಮ ಲಾಭವನ್ನಲ್ಲ, ನಿಮ್ಮಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದನ್ನು. ಪ್ರತಿ ದೇಶದ ಕಾನೂನೂ ಅಲ್ಲಲ್ಲಿ ಗೆರೆ ಎಳೆದಿದೆ. ಭಾರತದಲ್ಲಿ 10 ಜನರಾದರೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಮತ್ತು ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡುಗಂಟು), ಜೊತೆಗೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ. 20 ಜನರಾದರೆ ಪಿಎಫ್ (ಭವಿಷ್ಯ ನಿಧಿ) ಮತ್ತು ಬೋನಸ್. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಉದ್ಯೋಗ ತಾರತಮ್ಯದ ಮುಖ್ಯ ನಿಯಮಗಳು 15 ಜನರಿಂದ ಶುರು. ಕುಟುಂಬ ಮತ್ತು ವೈದ್ಯಕೀಯ ರಜೆಯ ಕಾನೂನು, ಆರೋಗ್ಯ ವಿಮೆ ಕೊಡಬೇಕಾದ ಹೊಣೆ ಎರಡೂ 50ರಿಂದ. ಜರ್ಮನಿಯಲ್ಲಿ ಕೆಲಸದಿಂದ ತೆಗೆಯುವುದರ ವಿರುದ್ಧದ ರಕ್ಷಣೆ 10ಕ್ಕಿಂತ ಜಾಸ್ತಿ ಜನ ಇರುವ ಕಡೆ. ಆಸ್ಟ್ರೇಲಿಯಾದಲ್ಲಿ 15ಕ್ಕಿಂತ ಕಡಿಮೆ ಇದ್ದರೆ ನೀವು "ಸಣ್ಣವರು", ಹಾಗಾಗಿ ಕೆಲವು ರಿಯಾಯಿತಿಗಳುಂಟು.

ಎಣಿಸುವುದು ಸುಲಭ ಅನ್ನಿಸುತ್ತದೆ, ಅಲ್ವಾ? ತಪ್ಪು ಆಗುವುದು ಇಲ್ಲೇ. ಅರ್ಧ ದಿನ ಬರುವವರು, ದಿನಗೂಲಿಯವರು, ಗುತ್ತಿಗೆದಾರ ಕಳಿಸಿದವರು, ತರಬೇತಿಗೆ ಬಂದವರು, ಮನೆಯವರು ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ ಎಂದು ಪ್ರತಿ ಕಾನೂನೂ ಬೇರೆ ಬೇರೆ ಹೇಳುತ್ತದೆ. ಅಮೆರಿಕದ ವಿಮೆಯ ನಿಯಮದಲ್ಲಿ ಅರೆಕಾಲಿಕರ ಗಂಟೆಗಳನ್ನು ಕೂಡಿಸಿ ಪೂರ್ಣಕಾಲಿಕರ ಲೆಕ್ಕಕ್ಕೆ ತರುತ್ತಾರೆ. ಭಾರತದ ಪಿಎಫ್‌ನಲ್ಲಿ ಗುತ್ತಿಗೆದಾರರ ಮೂಲಕ ಬಂದವರೂ ತಲೆ ಲೆಕ್ಕಕ್ಕೆ ಸೇರುತ್ತಾರೆ. ಒಂದು ಹಾಳೆ ತೆಗೆದುಕೊಂಡು ಕಳೆದ 12 ತಿಂಗಳಲ್ಲಿ ನಿಮ್ಮಲ್ಲಿ ದುಡಿದ ಪ್ರತಿಯೊಬ್ಬರ ಹೆಸರು ಬರೆಯಿರಿ. ಎದುರಿಗೆ ಯಾವ ತಿಂಗಳು, ಎಷ್ಟು ದಿನ ಎಂದು ಹಾಕಿ. ಯಾವ ತಿಂಗಳು ಅತಿ ಜಾಸ್ತಿ ಜನ ಇದ್ದರೋ ಆ ಸಂಖ್ಯೆಗೆ ಸುತ್ತು ಹಾಕಿ. ಕೆಲವು ಕಾನೂನುಗಳಿಗೆ ವರ್ಷದಲ್ಲಿ ಒಂದೇ ಒಂದು ದಿನ ಆ ಸಂಖ್ಯೆ ಮುಟ್ಟಿದರೂ ಸಾಕು. ಒಮ್ಮೆ ಒಳಗೆ ಹೋದ ಮೇಲೆ ಜನ ಕಡಿಮೆಯಾದರೂ ಹೊರಗೆ ಬರಲು ಆಗದು. ಭಾರತದ ಗ್ರಾಚ್ಯುಟಿ ಹೀಗೇ ಇದೆ.

ಗೆರೆ ದಾಟದಿರಲು ಒಂದೇ ಉದ್ದಿಮೆಯನ್ನು ಎರಡು ಹೆಸರಿನಲ್ಲಿ ಒಡೆಯುವ ಉಪಾಯ ಬಹಳ ಹಳೆಯದು. ಇಲಾಖೆಯವರಿಗೂ ಅದು ಅಷ್ಟೇ ಹಳೆಯದು. ಮಾಲೀಕರು ಒಬ್ಬರೇ, ಜಾಗ ಒಂದೇ, ಕೆಲಸಗಾರರು ಆ ಕಡೆ ಈ ಕಡೆ ಓಡಾಡುತ್ತಾರೆ ಎಂದಾದರೆ ಎರಡನ್ನೂ ಸೇರಿಸಿಯೇ ಎಣಿಸುತ್ತಾರೆ.

ಹೆಜ್ಜೆ 2: ಗೆರೆ ದಾಟಲು ಎಷ್ಟು ಖರ್ಚು ಎಂದು ಲೆಕ್ಕ ಹಾಕಿ

ಈ ಹೆಜ್ಜೆಗೆ ಒಂದು ಗಂಟೆ ಕೊಡಿ. ಉಳಿದದ್ದನ್ನು ಬೇಕಾದರೆ ಆಮೇಲೆ ಓದಿ.

ಸಂಬಳ 100 ಎಂದು ಇಟ್ಟುಕೊಳ್ಳೋಣ. ಭಾರತದ ಲೆಕ್ಕ ಹಿಡಿದರೆ, ಎಲ್ಲ ನಿಯಮಗಳೂ ಅನ್ವಯಿಸುವ ಕಡೆ, ಸಂಬಳ ಆಯಾ ಮಿತಿಯೊಳಗೇ ಇದ್ದರೆ, ಮಾಲೀಕರ ಪಾಲು ಹೀಗಾಗುತ್ತದೆ: ಪಿಎಫ್ ಶೇ 12, ಅದರ ಜೊತೆಗಿನ ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಸುಮಾರು 13. ಇಎಸ್‌ಐ 3.25. ಕನಿಷ್ಠ ಬೋನಸ್ 8.33. ಗ್ರಾಚ್ಯುಟಿಗೆ ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನ ಎಂದು ಭಾಗಿಸಿದರೆ ಸುಮಾರು 4.8. ಎಲ್ಲ ಕೂಡಿದರೆ 129 ದಾಟುತ್ತದೆ. ಇನ್ನೂ ಮುಗಿಯಲಿಲ್ಲ. 300 ದಿನಕ್ಕೆ ಸಂಬಳ ಕೊಟ್ಟು ಅದರಲ್ಲಿ 22 ದಿನ ಸಂಬಳಸಹಿತ ರಜೆಯೇ ಆದರೆ, ಕೆಲಸ ನಡೆದ ದಿನದ ಲೆಕ್ಕದಲ್ಲಿ ಅದು 139ರ ಹತ್ತಿರ ಬರುತ್ತದೆ. ನೀವು ಗಿರಾಕಿಗೆ ದರ ಹೇಳುವಾಗ ಹಿಡಿಯಬೇಕಾದದ್ದು ಈ 139. ಎಷ್ಟೋ ಜನ 100 ಹಿಡಿದು ದರ ಹೇಳಿ, ಆಮೇಲೆ "ಸರ್ಕಾರ ಬದುಕೋಕೆ ಬಿಡಲ್ಲ" ಅಂತಾರೆ. ಸ್ವಲ್ಪ ಮಟ್ಟಿಗೆ ಅದು ದರ ಹೇಳಿದವರ ತಪ್ಪೂ ಹೌದು.

ಈಗ ಹತ್ತನೆಯವರ ಕಥೆ. ಇವರು ಬಂದರೆ ಇಎಸ್‌ಐ ಇವರೊಬ್ಬರಿಗೆ ಮಾತ್ರ ಕಟ್ಟುವುದಲ್ಲ, ಹತ್ತೂ ಜನಕ್ಕೆ ಕಟ್ಟಬೇಕು. ಗ್ರಾಚ್ಯುಟಿಯೂ ಹಾಗೇ. 3.25 ಮತ್ತು 4.8 ಸೇರಿ 8, ಹತ್ತು ಜನಕ್ಕೆ 80. ಅಂದರೆ 100 ಸಂಬಳದ ಹತ್ತನೆಯವರು ನಿಮಗೆ ಬೀಳುವುದು 180ಕ್ಕೆ. ಹನ್ನೊಂದನೆಯವರು ಮತ್ತೆ 108ಕ್ಕೇ ಸಿಗುತ್ತಾರೆ. ಇಪ್ಪತ್ತನೆಯವರ ಹತ್ತಿರ ಇದೇ ಕಥೆ ಇನ್ನೂ ಜೋರಾಗಿ ಮರುಕಳಿಸುತ್ತದೆ. ಫ್ರಾನ್ಸ್‌ನಲ್ಲಿ 50ಕ್ಕೆ ಗೆರೆ ಇದೆ. ಅಲ್ಲಿ 49 ಜನರಿಗೇ ನಿಂತುಬಿಟ್ಟ ಸಂಸ್ಥೆಗಳು ಅಂಕಿಅಂಶದಲ್ಲಿ ಗುಡ್ಡೆಯಂತೆ ಎದ್ದು ಕಾಣುತ್ತವೆ ಎಂದು ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಅದಕ್ಕೇ ಅಲ್ಲಿ 2019ರ ಕಾನೂನು ಹಲವು ಬಾಧ್ಯತೆಗಳನ್ನು ಸಡಿಲಿಸಿತು. ಸತತ ಐದು ವರ್ಷ ಗೆರೆಯ ಆಚೆ ಇದ್ದರಷ್ಟೇ ಅವು ಅನ್ವಯ.

ಹಾಗಾದರೆ ಒಂಬತ್ತಕ್ಕೇ ನಿಲ್ಲಬೇಕಾ? ಬೇಡ. ಒಬ್ಬರನ್ನೇ ಸೇರಿಸಿಕೊಂಡು ಗೆರೆ ದಾಟುವುದು ದುಬಾರಿ. ಕೆಲಸ ಇದ್ದರೆ ಮೂರು ನಾಲ್ಕು ಜನರನ್ನು ಒಟ್ಟಿಗೆ ತೆಗೆದುಕೊಂಡು ದಾಟಿ, ಆಗ ಆ ಖರ್ಚು ಹಂಚಿಹೋಗುತ್ತದೆ. ಒಂದೆರಡು ತಿಂಗಳ ಕೆಲಸಕ್ಕಾಗಿ ಮಾತ್ರ ಹತ್ತನೆಯವರು ಬೇಕಿದ್ದರೆ, ಇರುವವರಿಗೆ ಓಟಿ (ಹೆಚ್ಚುವರಿ ಹೊತ್ತಿನ ಕೂಲಿ) ಕೊಟ್ಟು ಮುಗಿಸುವುದು ಅಗ್ಗವೋ ನೋಡಿ. ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಇಎಸ್‌ಐ ಇದ್ದರೆ ಕೆಲಸದಲ್ಲಿ ಪೆಟ್ಟಾದವರ ಚಿಕಿತ್ಸೆ, ಪರಿಹಾರದ ಹೊರೆ ಆ ನಿಧಿಯ ಮೇಲೆ ಹೋಗುತ್ತದೆ. ಒಂದು ದೊಡ್ಡ ಅಪಘಾತ ಸಣ್ಣ ಉದ್ದಿಮೆಯನ್ನು ಮುಳುಗಿಸಲು ಸಾಕು. 3.25 ಆಗ ಜಾಸ್ತಿ ಅನ್ನಿಸುವುದಿಲ್ಲ.

ಹೆಜ್ಜೆ 3: "ಅವರು ನಮ್ಮವರಲ್ಲ, ಕಾಂಟ್ರಾಕ್ಟ್" ಎನ್ನುವ ಮುನ್ನ

ಕಾಗದದಲ್ಲಿ ಗುತ್ತಿಗೆ ಎಂದು ಬರೆದ ಮಾತ್ರಕ್ಕೆ ಯಾರೂ ಗುತ್ತಿಗೆಯವರಾಗುವುದಿಲ್ಲ. ನ್ಯಾಯಾಲಯಗಳು ನೋಡುವುದು ದಿನದ ವ್ಯವಹಾರವನ್ನು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 2018ರಲ್ಲಿ ಮೂರು ಪ್ರಶ್ನೆ ಇಟ್ಟಿತು. ಕೆಲಸ ಹೇಗೆ ಮಾಡಬೇಕೆಂದು ನೀವು ಹೇಳದೆ ಅವರೇ ನಿರ್ಧರಿಸುತ್ತಾರಾ? ಅವರು ಮಾಡುವ ಕೆಲಸ ನಿಮ್ಮ ಮುಖ್ಯ ವ್ಯವಹಾರದಿಂದ ಹೊರಗಿನದ್ದಾ? ಅವರಿಗೆ ಅದೇ ಬಗೆಯ ಸ್ವಂತ ವ್ಯವಹಾರ ಇದೆಯಾ? ಮೂರಕ್ಕೂ ಹೌದು ಎಂದು ಮಾಲೀಕರು ತೋರಿಸಬೇಕು. ಇಲ್ಲದಿದ್ದರೆ ಅವರು ನೌಕರರೇ. 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಊಬರ್ ಚಾಲಕರ ಮೊಕದ್ದಮೆಯಲ್ಲೂ ಒಪ್ಪಂದದ ಮಾತಿಗಿಂತ ಹಿಡಿತ ಯಾರ ಕೈಯಲ್ಲಿದೆ ಅನ್ನುವುದನ್ನೇ ತೂಗಿತು.

ನಿಮ್ಮ ಊರಿನ ನಿಯಮ ಬೇರೆ ಇರಬಹುದು. ಆದರೂ ಈ ಮೂರು ಪ್ರಶ್ನೆ ಕೇಳಿಕೊಳ್ಳಿ. ಬಾಗಿಲು ಬಣ್ಣ ಬಳಿಯಲು ಬಂದವರು ಮೂರರಲ್ಲೂ ಪಾಸು. ಬೆಳಿಗ್ಗೆ ಒಂಬತ್ತಕ್ಕೆ ಬಂದು, ನಿಮ್ಮ ಯಂತ್ರದಲ್ಲಿ ನಿಮ್ಮದೇ ಸರಕು ತಯಾರಿಸಿ, ರಜೆಗೆ ನಿಮ್ಮನ್ನೇ ಕೇಳುವವರು? ಅವರು ನಿಮ್ಮವರೇ.

ಹೆಜ್ಜೆ 4: ಬರೆದಿಡಿ, ಅವತ್ತೇ

ತಕರಾರು ಬಂದಾಗ "ಅವರು ಅಷ್ಟು ಹೊತ್ತು ದುಡಿಯಲಿಲ್ಲ" ಎಂದು ನೀವು ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ದಾಖಲೆ ಇಡುವ ಹೊಣೆ ಮಾಲೀಕರದ್ದು. ದಾಖಲೆ ಇಲ್ಲದಿದ್ದರೆ ಕೆಲಸಗಾರರ ಮಾತಿಗೇ ತೂಕ ಜಾಸ್ತಿ. ದಿನದ ಕೆಲಸದ ಅವಧಿ ಅಳೆಯುವ ವ್ಯವಸ್ಥೆ ಪ್ರತಿ ಮಾಲೀಕರ ಬಳಿ ಇರಲೇಬೇಕು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರ ಮೇ ತಿಂಗಳಲ್ಲಿ ಹೇಳಿತು. ಬ್ರಿಟನ್ನಿನಲ್ಲಿ ಕನಿಷ್ಠ ವೇತನದ ದಾಖಲೆಗಳನ್ನು ಆರು ವರ್ಷ ಇಡಬೇಕು.

ಇಷ್ಟಿದ್ದರೆ ಸಾಕು: ಬಂದ ಹೊತ್ತು, ಹೋದ ಹೊತ್ತು, ಸಹಿ. ಸಂಬಳದ ಚೀಟಿ, ಅದರಲ್ಲಿ ಮುರಿದ ಹಣ ಯಾಕೆ ಎಂದು. ಕೊಟ್ಟ ಮುಂಗಡಕ್ಕೆ ಸಹಿ. ನೇಮಕಾತಿ ಪತ್ರ. ಕೊನೆಯದನ್ನು "ಅದೆಲ್ಲ ದೊಡ್ಡವರಿಗೆ" ಎಂದು ಬಿಡಬೇಡಿ. ಬ್ರಿಟನ್ನಿನಲ್ಲಿ 2020ರಿಂದ ಕೆಲಸದ ಷರತ್ತುಗಳನ್ನು ಮೊದಲ ದಿನವೇ ಬರವಣಿಗೆಯಲ್ಲಿ ಕೊಡಬೇಕು. ಭಾರತದಲ್ಲಿ 29 ಹಳೆಯ ಕಾನೂನುಗಳನ್ನು ಒಳಗೊಂಡ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ, ಅವೂ ನೇಮಕಾತಿ ಪತ್ರ ಕೇಳುತ್ತವೆ.

ತಿಂಗಳ ಕೊನೆಯಲ್ಲಿ ಕೂತು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ಇಡೀ ಹಾಜರಿ ಪುಸ್ತಕ ತುಂಬಿಸುವವರನ್ನು ನಾನು ನೋಡಿದ್ದೇನೆ. ಎಲ್ಲರೂ ದಿನಾ ಸರಿಯಾಗಿ ಒಂಬತ್ತಕ್ಕೆ ಬಂದು ಆರಕ್ಕೆ ಹೋಗಿರುತ್ತಾರೆ! ಅಂಥ ಪುಸ್ತಕಕ್ಕಿಂತ ಪುಸ್ತಕ ಇಲ್ಲದಿರುವುದೇ ವಾಸಿ.

ಹೊತ್ತು ಬರೆಯುವುದರಿಂದ ಓಟಿಯ ಲೆಕ್ಕವೂ ಹೊರಬರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ಹುಟ್ಟಿದಾಗ ಅದರ ಮೊದಲ ಒಪ್ಪಂದವೇ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿಯ ಬಗ್ಗೆ. ಅಮೆರಿಕದಲ್ಲಿ ವಾರಕ್ಕೆ 40 ಗಂಟೆ ಮೀರಿದರೆ ಒಂದೂವರೆ ಪಟ್ಟು ದರ, ಭಾರತದಲ್ಲಿ ಮಿತಿ ಮೀರಿದ ಹೊತ್ತಿಗೆ ಎರಡು ಪಟ್ಟು. ತಿಂಗಳ ಸಂಬಳ ಕೊಡುತ್ತೇನಲ್ಲ, ಓಟಿ ಯಾಕೆ ಎಂದು ಕೇಳುವವರು ಬಹಳ. ತಿಂಗಳ ಸಂಬಳ ಎಂದ ಮಾತ್ರಕ್ಕೆ ಓಟಿ ತಪ್ಪುವುದಿಲ್ಲ.

ಹೆಜ್ಜೆ 5: ಕನಿಷ್ಠ ವೇತನ ಏರುವ ಮೊದಲೇ ತಯಾರಾಗಿ

ಕನಿಷ್ಠ ವೇತನ ಏರುವುದು ಆಶ್ಚರ್ಯದ ಸಂಗತಿ ಆಗಬಾರದು. ಬ್ರಿಟನ್ನಿನಲ್ಲಿ ಪ್ರತಿ ಏಪ್ರಿಲ್, ಆಸ್ಟ್ರೇಲಿಯಾದಲ್ಲಿ ಪ್ರತಿ ಜುಲೈ. ಭಾರತದಲ್ಲಿ ಬೆಲೆ ಏರಿದಂತೆ ತುಟ್ಟಿಭತ್ಯೆಯನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತಾರೆ. ಇದನ್ನು ವರ್ಷದ ಬಜೆಟ್ಟಿನಲ್ಲೇ ಸೇರಿಸಿ.

ಇಲ್ಲಿ ಮಾಲೀಕರು ಮರೆಯುವ ಸಂಗತಿ ಒಂದಿದೆ. ಏರಿಕೆ ಕೆಳಗಿನವರಿಗೆ ಮಾತ್ರ ನಿಲ್ಲುವುದಿಲ್ಲ. ನಿನ್ನೆ ಬಂದವರಿಗೂ ಐದು ವರ್ಷದಿಂದ ಇರುವವರಿಗೂ ಒಂದೇ ಸಂಬಳ ಆಗಿಬಿಟ್ಟರೆ ಹಳಬರು ಸುಮ್ನೆ ಇರುತ್ತಾರಾ? ಅವರಿಗೂ ಏರಿಸಬೇಕಾಗುತ್ತದೆ. ಹಾಗಾಗಿ ಕನಿಷ್ಠ ವೇತನ ಶೇ 5 ಏರಿದರೆ ಕೆಳಗಿನ ಇಬ್ಬರ ಲೆಕ್ಕ ಹಾಕಿ ಮುಗಿಸಬೇಡಿ, ಅವರ ಮೇಲಿನ ಎರಡು ಮೆಟ್ಟಿಲನ್ನೂ ಸೇರಿಸಿ ಹಾಕಿ.

ಕನಿಷ್ಠ ವೇತನ ಏರಿದರೆ ಸಣ್ಣವರು ಮುಚ್ಚಿಹೋಗುತ್ತಾರಾ ಎಂಬ ಜಗಳ ಬಹಳ ಕಾಲದಿಂದ ಇದೆ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ಕನಿಷ್ಠ ವೇತನವನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಪಕ್ಕದ ಪೆನ್ಸಿಲ್ವೇನಿಯಾದ ಜೊತೆ ಹೋಲಿಸಿ ಫಾಸ್ಟ್‌ಫುಡ್ ಅಂಗಡಿಗಳಲ್ಲಿ ಕೆಲಸ ಕಡಿಮೆಯಾಗಲಿಲ್ಲ ಎಂದು 1994ರಲ್ಲಿ ಬರೆದರು. ಊಟದ ಬೆಲೆ ಮಾತ್ರ ಸ್ವಲ್ಪ ಏರಿತ್ತು. ಅವರ ತೀರ್ಮಾನವನ್ನು ಒಪ್ಪದವರೂ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಮಾಲೀಕರಿಗೆ ಇದರಲ್ಲಿ ಉಪಯೋಗದ ಮಾತು ಆ ಬೆಲೆಯದ್ದೇ. ಏರಿಕೆ ನಿಮ್ಮೊಬ್ಬರಿಗೆ ಬರುವುದಿಲ್ಲ, ಪಕ್ಕದ ಅಂಗಡಿಗೂ ಬರುತ್ತದೆ. ಎಲ್ಲರೂ ಸ್ವಲ್ಪ ಏರಿಸುವಾಗ ನೀವೂ ಏರಿಸಬಹುದು. ಕಷ್ಟ ಇರುವುದು ವರ್ಷಗಟ್ಟಲೆ ಒಂದೇ ದರಕ್ಕೆ ದೊಡ್ಡ ಕಂಪನಿಯೊಂದಕ್ಕೆ ಸರಕು ಒಪ್ಪಿಸುವವರಿಗೆ. ಅಂಥವರು ಒಪ್ಪಂದದಲ್ಲಿ "ಕನಿಷ್ಠ ವೇತನ ಏರಿದರೆ ದರವೂ ಅಷ್ಟು ಏರತಕ್ಕದ್ದು" ಎಂಬ ಒಂದು ಸಾಲು ಸೇರಿಸಿಕೊಳ್ಳಿ. ಕೇಳಿದರೆ ಕೆಲವರು ಒಪ್ಪುತ್ತಾರೆ, ಕೇಳದಿದ್ದರೆ ಯಾರೂ ಒಪ್ಪುವುದಿಲ್ಲ.

ಪಿಎಫ್‌ನಂಥ ಕಂತು ಉಳಿಸಲು, ಕೈಗೆ ಕೊಡುವ ಮೊತ್ತವನ್ನು ಹಾಗೇ ಇಟ್ಟು ಮೂಲ ವೇತನ ಕಡಿಮೆ ತೋರಿಸಿ, ಭತ್ಯೆ ಜಾಸ್ತಿ ತೋರಿಸುವ ದಾರಿಯೂ ಮುಚ್ಚುತ್ತಿದೆ. ಭಾರತದ ಹೊಸ ಸಂಹಿತೆಯಲ್ಲಿ ಲೆಕ್ಕದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದ ಭಾಗವನ್ನು ವೇತನ ಎಂದೇ ಹಿಡಿಯುತ್ತಾರೆ.

ಹೆಜ್ಜೆ 6: ಗೋಡೆಗೆ ಒಂದು ಕ್ಯಾಲೆಂಡರ್

ಯಾವ ಕಂತು ಯಾವ ತಾರೀಖಿಗೆ, ಯಾವ ರಿಟರ್ನ್ ಯಾವ ತಿಂಗಳು, ಯಾವ ಲೈಸೆನ್ಸ್ ಯಾವಾಗ ನವೀಕರಣ. ಒಂದೇ ಹಾಳೆ ಸಾಕು. ಪಿಎಫ್, ಇಎಸ್‌ಐ ಎರಡೂ ಮುಂದಿನ ತಿಂಗಳ 15ಕ್ಕೆ. ಲೆಕ್ಕ ಬರೆಯುವವರಿಗೆ ಕೆಲಸ ಒಪ್ಪಿಸಿ, ಆದರೆ ಚಲನ್ ಕಟ್ಟಿದ ರಸೀದಿಯನ್ನು ಪ್ರತಿ ತಿಂಗಳು ನಿಮ್ಮ ಕಣ್ಣಾರೆ ನೋಡಿ. ಕಟ್ಟದಿದ್ದರೆ ಹೊಣೆ ಅವರದ್ದಲ್ಲ, ನಿಮ್ಮದು.

ಹೆಜ್ಜೆ 7: ಹೆರಿಗೆ, ಕಾಯಿಲೆ, ರಜೆ

ಐದು ಜನರ ಉದ್ದಿಮೆಯಲ್ಲಿ ಒಬ್ಬರು ಆರು ತಿಂಗಳು ಇಲ್ಲ ಎಂದರೆ ಐದರಲ್ಲಿ ಒಂದು ಪಾಲು ಇಲ್ಲ. ಈ ಕಷ್ಟ ನಿಜ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಆದರೆ ಇದರ ಖರ್ಚು ಯಾರ ತಲೆಗೆ ಬೀಳುತ್ತದೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಕಾಯಿಲೆಯ ಮೊದಲ ಆರು ವಾರದ ಸಂಬಳ ಮಾಲೀಕರದ್ದೇ, ಆದರೆ 30ರವರೆಗೆ ಜನ ಇರುವ ಉದ್ದಿಮೆಗಳಿಗೆ ಒಂದು ಹಂಚಿಕೆ ನಿಧಿ ಅದರ ದೊಡ್ಡ ಭಾಗವನ್ನು ವಾಪಸ್ ಕೊಡುತ್ತದೆ. ಬ್ರಿಟನ್ನಿನಲ್ಲಿ ಕಾನೂನುಬದ್ಧ ಹೆರಿಗೆ ಭತ್ಯೆ ಕೊಟ್ಟ ಸಣ್ಣ ಮಾಲೀಕರಿಗೆ ಕೊಟ್ಟದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಸರ್ಕಾರದಿಂದ ಮರಳಿ ಸಿಗುತ್ತದೆ. ಭಾರತದಲ್ಲಿ ಹೆರಿಗೆ ರಜೆ 2017ರಿಂದ 26 ವಾರ. ಇಎಸ್‌ಐ ವ್ಯಾಪ್ತಿಯ ಮಹಿಳೆಗೆ ಆ ಹಣವನ್ನು ಇಎಸ್‌ಐ ಕೊಡುತ್ತದೆ, ವ್ಯಾಪ್ತಿಯ ಹೊರಗಿದ್ದರೆ ಮಾಲೀಕರು.

ಹಾಗಾಗಿ ಇಲ್ಲಿ ಮಾಡಬೇಕಾದದ್ದು: ವಾಪಸ್ ಬರುವ ಹಣ ಏನಾದರೂ ಇದೆಯಾ ಎಂದು ಕೇಳಿ. ಬಹಳ ಜನ ಕೇಳುವುದೇ ಇಲ್ಲ. ಮದುವೆಯಾದ ಹೆಣ್ಣುಮಕ್ಕಳು ಬೇಡ ಎಂದು ನಿರ್ಧರಿಸುವುದು ಹಲವು ದೇಶಗಳಲ್ಲಿ ಕಾನೂನುಬಾಹಿರ. ಎಲ್ಲ ಕಡೆಯೂ ಅದು ಪೆದ್ದತನ, ಒಳ್ಳೆಯ ಕೆಲಸಗಾರರನ್ನು ಪಕ್ಕದವರಿಗೆ ಬಿಟ್ಟುಕೊಟ್ಟ ಹಾಗೆ.

ಹೆಜ್ಜೆ 8: ಕೆಲಸದಿಂದ ತೆಗೆಯುವಾಗ

ಸಿಟ್ಟಿನ ದಿನ ತೆಗೆಯಬೇಡಿ. ತಪ್ಪು ಏನು ಎಂದು ಬರೆದು ಕೊಡಿ, ಉತ್ತರಕ್ಕೆ ಸಮಯ ಕೊಡಿ, ಎಚ್ಚರಿಕೆಯ ಪ್ರತಿಗೆ ಸಹಿ ತೆಗೆದುಕೊಳ್ಳಿ. ಆಸ್ಟ್ರೇಲಿಯಾದಲ್ಲಿ ಸಣ್ಣ ಉದ್ದಿಮೆಗಳಿಗೆಂದೇ ಒಂದು ಚಿಕ್ಕ ನಿಯಮಾವಳಿ ಇದೆ. ಅದರಲ್ಲಿರುವುದೂ ಮುಖ್ಯವಾಗಿ ಇಷ್ಟೇ: ಎಚ್ಚರಿಕೆ, ತಿದ್ದಿಕೊಳ್ಳಲು ಅವಕಾಶ, ಪುರಾವೆ. ಬಾಕಿ ಹಣ ತಡೆಹಿಡಿದು ಪಾಠ ಕಲಿಸುವ ಅಭ್ಯಾಸವನ್ನೂ ಬಿಡಿ. ಭಾರತದ ವೇತನ ಸಂಹಿತೆ ಪ್ರಕಾರ ಕೆಲಸ ಬಿಟ್ಟವರಿಗೂ ತೆಗೆಯಲ್ಪಟ್ಟವರಿಗೂ ಎರಡು ಕೆಲಸದ ದಿನದೊಳಗೆ ಬಾಕಿ ವೇತನ ಕೊಡಬೇಕು.

ಹೆಜ್ಜೆ 9: ಹಳೆಯ ತಪ್ಪು ಗೊತ್ತಾದರೆ

ಇದನ್ನು ಓದುತ್ತಾ "ಅಯ್ಯೋ, ನಾವು ಗೆರೆ ದಾಟಿ ಎರಡು ವರ್ಷ ಆಯ್ತಲ್ಲ" ಅನ್ನಿಸಿದವರು ಇರಬಹುದು. ಅವರಿಗೆ ಒಂದು ಲೆಕ್ಕ ತೋರಿಸುತ್ತೇನೆ.

ಸಮಯಕ್ಕೆ ಸರಿಯಾಗಿ ಪಿಎಫ್ ಕಟ್ಟಿದ್ದರೆ ಎರಡು ವರ್ಷಕ್ಕೆ ನಿಮ್ಮ ಪಾಲು, ಶೇ 12ರಂತೆ, ಒಬ್ಬ ಕೆಲಸಗಾರನ ಸುಮಾರು ಮೂರು ತಿಂಗಳ ಸಂಬಳದಷ್ಟು. ಹಿಂದಿನ ದಿನಾಂಕದಿಂದ ಕಟ್ಟುವಾಗ ಕೆಲಸಗಾರನ ಶೇ 12 ಕೂಡ ನಿಮ್ಮ ತಲೆಗೇ ಬರುತ್ತದೆ, ಯಾಕೆಂದರೆ ಆಗ ಮುರಿಯದೆ ಬಿಟ್ಟದ್ದನ್ನು ಈಗ ಅವರ ಸಂಬಳದಿಂದ ಮುರಿಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಎರಡೂ ಸೇರಿ ಆರು ತಿಂಗಳ ಸಂಬಳದ ಹತ್ತಿರ. ಅದರ ಮೇಲೆ ವರ್ಷಕ್ಕೆ ಶೇ 12 ಬಡ್ಡಿ, ಆಮೇಲೆ ದಂಡ. ಇದು ಒಬ್ಬರಿಗೆ. ಅಂಥವರು ಇಪ್ಪತ್ತು ಜನ. ಅಮೆರಿಕದಲ್ಲಿ ಓಟಿ ಕೊಡದೆ ಬಿಟ್ಟಿದ್ದರೆ ಸಾಮಾನ್ಯವಾಗಿ ಎರಡು ವರ್ಷ ಹಿಂದಕ್ಕೆ, ಬೇಕೆಂದೇ ಮಾಡಿದ್ದರೆ ಮೂರು ವರ್ಷ ಹಿಂದಕ್ಕೆ ಹೋಗುತ್ತಾರೆ. ಬಾಕಿಯ ಜೊತೆ ಅಷ್ಟೇ ಮೊತ್ತವನ್ನು ಪರಿಹಾರವಾಗಿಯೂ ವಸೂಲು ಮಾಡಬಹುದು.

ಪ್ರತಿ ತಿಂಗಳು ತಳ್ಳಿದಷ್ಟೂ ಈ ಗಂಟು ದೊಡ್ಡದಾಗುತ್ತದೆ. ಆದ್ದರಿಂದ ಮೊದಲು ಈ ತಿಂಗಳಿನಿಂದ ಸರಿಯಾಗಿ ಕಟ್ಟಲು ಶುರು ಮಾಡಿ. ಹಳೆಯದನ್ನು ಅಳೆಯುವುದು ಆಮೇಲೆ. ಹೆಜ್ಜೆ 1ರಲ್ಲಿ ಮಾಡಿದ ಹಾಳೆ ಈಗ ಉಪಯೋಗಕ್ಕೆ ಬರುತ್ತದೆ, ಯಾವ ತಿಂಗಳು ದಾಟಿದಿರಿ ಎಂದು ಅದೇ ಹೇಳುತ್ತದೆ. ಅದನ್ನು ಹಿಡಿದುಕೊಂಡು ಕಾರ್ಮಿಕ ಕಾನೂನು ಗೊತ್ತಿರುವ ವಕೀಲರ ಹತ್ತಿರವೋ ಸಲಹೆಗಾರರ ಹತ್ತಿರವೋ ಹೋಗಿ. ತೆರಿಗೆ ಮಾತ್ರ ನೋಡುವವರ ಹತ್ತಿರ ಬೇಡ, ಇದು ಬೇರೆ ವಿದ್ಯೆ. ಸ್ವತಃ ಮುಂದೆ ಬಂದವರಿಗೆ ದಂಡದಲ್ಲಿ ರಿಯಾಯಿತಿ ಕೊಡುವ ಯೋಜನೆಗಳನ್ನು ಸರ್ಕಾರಗಳು ಆಗಾಗ ತರುತ್ತವೆ. ಈಗ ಯಾವುದಾದರೂ ತೆರೆದಿದೆಯಾ ಎಂಬುದೇ ಅವರಿಗೆ ನಿಮ್ಮ ಮೊದಲ ಪ್ರಶ್ನೆಯಾಗಿರಲಿ.

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಬಂದುಬಿಟ್ಟರೆ? ಗುರುತಿನ ಚೀಟಿ ನೋಡಿ, ಕೂರಿಸಿ, ಕೇಳಿದ ಪುಸ್ತಕ ಕೊಡಿ. ಕೇಳದ್ದನ್ನು ಕೊಡಬೇಡಿ. ಗೊತ್ತಿಲ್ಲದ್ದಕ್ಕೆ "ನೋಡಿ ಹೇಳುತ್ತೇನೆ" ಎನ್ನಿ. ಕೊಟ್ಟ ಪ್ರತಿಯೊಂದು ಹಾಳೆಗೂ ಸ್ವೀಕೃತಿ ಪಡೆಯಿರಿ. ಅವರು ಬರೆದುಕೊಂಡ ವರದಿಯನ್ನು ಓದದೆ ಸಹಿ ಮಾಡಬೇಡಿ, ಒಪ್ಪದ ಮಾತಿದ್ದರೆ ಸಹಿಯ ಪಕ್ಕದಲ್ಲೇ ಅದನ್ನು ಬರೆಯಿರಿ.